ನಿಮ್ಮ ಕೆಲಸದಲ್ಲಿ ಪ್ರೊಡಕ್ಷನ್ ಅಂದರೆ ಯಾವುದು? ಎಲ್ಲಿ ನಿಂತು ಎಣಿಸುತ್ತಾರೆ?

ಉಡುಪಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಪಿಯು ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಪುಸ್ತಕದಲ್ಲಿ ಉತ್ಪಾದನೆಗೆ ಭೂಮಿ, ಶ್ರಮ, ಬಂಡವಾಳ, ಸಂಘಟನೆ ಬೇಕು ಅಂತ ಇದೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಮಾರ್ಕೂ ತೆಗೆಯುತ್ತಾರೆ. ಆದರೆ ಅವರ ಮನೆಗಳಲ್ಲಿ ಇದೇ ಮಾತು ಹತ್ತು ಥರ ಓಡಾಡುತ್ತಿರುತ್ತದೆ. ಒಬ್ಬಳ ಅಣ್ಣನಿಗೆ ಪ್ರೊಡಕ್ಷನ್ ಅಂದರೆ ರಾತ್ರಿ ಎಬ್ಬಿಸುವ ಸರ್ವರ್. ಇನ್ನೊಬ್ಬನ ಮಾವ ಸಿನಿಮಾದಲ್ಲಿ ಪ್ರೊಡಕ್ಷನ್ ಕೆಲಸ ಮಾಡುತ್ತಾರೆ. ಮೀನುಗಾರಿಕೆ ವರದಿ ತೆರೆದರೆ 'ಸಮುದ್ರ ಮೀನು ಉತ್ಪಾದನೆ' ಅಂತ ಇರುತ್ತದೆ. ಸಮುದ್ರದ ಮೀನನ್ನು ಉತ್ಪಾದಿಸಿದವರು ಯಾರು ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ.

ಡಿಕ್ಷನರಿ ಅರ್ಥ ನನಗೆ ಬೇಡ. ನಿಮ್ಮ ಕಸುಬಿನಲ್ಲಿ ಲೆಕ್ಕ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ, ಅಷ್ಟು ಹೇಳಿ. ಆ ಗೆರೆಯ ಹೊರಗೆ ಯಾರ ಕೆಲಸ ಉಳಿದುಹೋಗುತ್ತದೆ ಅನ್ನುವುದನ್ನೂ ಬರೆಯಿರಿ. ಮಕ್ಕಳಿಗೆ ಅದನ್ನೇ ಓದಿಸುವ ಯೋಚನೆ ಇದೆ.

ಮಲ್ಪೆ ಬೋಟ್

ಮೇಷ್ಟ್ರೇ, ಮೀನಿನ ಪ್ರಶ್ನೆಗೆ ನಾನು ಹೇಳುತ್ತೇನೆ. ನಮ್ಮದು ಟ್ರಾಲ್ ಬೋಟ್. ದಕ್ಕೆಯಲ್ಲಿ, ಅಂದರೆ ಬೋಟ್ ನಿಲ್ಲುವ ಕಟ್ಟೆಯಲ್ಲಿ, ಯಾರೂ ಉತ್ಪಾದನೆ ಅನ್ನುವುದಿಲ್ಲ. 'ಮೀನು ಉಂಟಾ' ಅಂತ ಕೇಳುತ್ತಾರೆ, ಅಷ್ಟೇ. ಲೆಕ್ಕ ಶುರುವಾಗುವುದು ಬೋಟ್ ದಕ್ಕೆಗೆ ತಾಗಿದ ಮೇಲೆ. ಸಿಎಂಎಫ್‌ಆರ್‌ಐನವರು (ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಕೆಲವು ದಿನ ಆರಿಸಿ, ಕೆಲವು ಬೋಟ್ ಆರಿಸಿ, ಇಳಿದ ಮೀನು ನೋಡಿ ಒಟ್ಟು ಅಂದಾಜು ಮಾಡುತ್ತಾರೆ. ಕ್ರಮ ಸರಿಯಾಗಿಯೇ ಇದೆ. ಆದರೆ ಅದು ಇಳಿಸಿದ ಮೀನಿನ ಲೆಕ್ಕ. ಬಲೆಗೆ ಬಿದ್ದು, ರೇಟ್ ಇಲ್ಲ ಅಂತ ವಾಪಸ್ ನೀರಿಗೆ ಎಸೆದದ್ದು ಅದರಲ್ಲಿ ಇರುವುದಿಲ್ಲ.

ಇನ್ನೊಂದು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟ್‌ಗಳಿಗೆ ನಿಷೇಧ. ನಮ್ಮ ಪುಸ್ತಕದಲ್ಲಿ ಆಗ ಪ್ರೊಡಕ್ಷನ್ ಸೊನ್ನೆ. ಆದರೆ ಬಲೆ ಹೆಣೆಯುವುದು, ಎಂಜಿನ್ ಬಿಚ್ಚುವುದು, ಬೋಟ್ ಮೇಲೆಳೆದು ಬಣ್ಣ ಹಚ್ಚುವುದು ಎಲ್ಲ ಆಗಲೇ. ಮೀನು ಮೊಟ್ಟೆ ಇಡುವ ಕಾಲ ಅಂತ ತಾನೇ ನಿಷೇಧ ಇಟ್ಟದ್ದು? ಹಾಗಾಗಿ ನಿಮ್ಮ ಹುಡುಗನಿಗೆ ಹೇಳಿ. ಬಹಳಷ್ಟು ಮೀನು ನಿಜವಾಗಿ ಹುಟ್ಟುವುದು ನಮ್ಮ ಲೆಕ್ಕ ಸೊನ್ನೆ ಇರುವ ತಿಂಗಳುಗಳಲ್ಲಿ.

ಉಳ್ಳಾಲ ಕಡಲಕರೆ

ಬೋಟಿನವರ ಮಾತು ಒಪ್ಪುತ್ತೇನೆ, ಆದರೆ ಅರ್ಧ. ಇಳಿಸಿದ್ದೆಲ್ಲ ಉತ್ಪಾದನೆ ಅಂತ ಬರೆದರೆ ಸಣ್ಣ ಮೀನೂ ಅದರಲ್ಲಿ ಸೇರುತ್ತದೆ. ಬೂತಾಯಿ 10 ಸೆಂ.ಮೀ., ಬಂಗುಡೆ 14 ಸೆಂ.ಮೀ. ಆಗುವ ಮೊದಲು ಹಿಡಿಯಬಾರದು ಅಂತ ಸಿಎಂಎಫ್‌ಆರ್‌ಐ ಹೇಳಿದೆ. ಬೆರಳಿನಷ್ಟು ಉದ್ದದ ಮರಿಯನ್ನು ಟನ್‌ಗಟ್ಟಲೆ ಇಳಿಸಿದರೆ ಆ ವರ್ಷದ ಅಂಕಿ ಮೇಲೆ ಹೋಗುತ್ತದೆ. ಎರಡು ವರ್ಷ ಬಿಟ್ಟು ಅದೇ ಅಂಕಿ ಕೆಳಗೆ ಬಂದಾಗ ಹವಾಮಾನವನ್ನು ಮಾತ್ರ ದೂರುತ್ತೇವೆ. ಹವಾಮಾನದ ಪಾಲೂ ಇದೆ, ಇಲ್ಲ ಅನ್ನುವುದಿಲ್ಲ.

ಆ ಮರಿ ಎಲ್ಲಿಗೆ ಹೋಗುತ್ತದೆ ನೋಡಿ. ಫಿಶ್‌ಮೀಲ್ ಫ್ಯಾಕ್ಟರಿಗೆ. ನಾಲ್ಕೈದು ಕೆಜಿ ಹಸಿ ಮೀನು ಹಾಕಿದರೆ ಒಂದು ಕೆಜಿ ಪುಡಿ. ಆ ಪುಡಿ ಸಿಗಡಿ ಕೆರೆಗೆ, ಕೋಳಿ ಫಾರ್ಮಿಗೆ. ಒಂದೇ ಮೀನು ಮೊದಲು ಮೀನು ಉತ್ಪಾದನೆ, ಆಮೇಲೆ ಪುಡಿಯ ಉತ್ಪಾದನೆ, ಕೊನೆಗೆ ಸಿಗಡಿ ಉತ್ಪಾದನೆ. ಮೂರು ಕಡೆ ಮೂರು ಅಂಕಿ. ಕಡಲಲ್ಲಿ ಕಡಿಮೆಯಾದದ್ದು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ.

ಉಡುಪಿ ಮೇಷ್ಟ್ರು

ಒಂದು ಚಿಕ್ಕ ವಿವರಣೆ. ದೇಶದ ಆದಾಯ ಲೆಕ್ಕ ಹಾಕುವಾಗ ಮೂರನ್ನೂ ಕೂಡಿಸುವುದಿಲ್ಲ. ಸಿಗಡಿಯ ಬೆಲೆಯಿಂದ ಪುಡಿಯ ಖರ್ಚು ಕಳೆಯುತ್ತಾರೆ, ಪುಡಿಯ ಬೆಲೆಯಿಂದ ಹಸಿ ಮೀನಿನ ಖರ್ಚು ಕಳೆಯುತ್ತಾರೆ. ಪ್ರತಿ ಹಂತದಲ್ಲಿ ಹೊಸದಾಗಿ ಸೇರಿದ ಬೆಲೆ ಮಾತ್ರ ಉಳಿಯುತ್ತದೆ. ಆದರೆ ಟನ್ ಲೆಕ್ಕದ ವರದಿಗಳಲ್ಲಿ ಈ ಕಳೆಯುವ ಕೆಲಸ ಇಲ್ಲ. ಕಡಲಿನಿಂದ ಕಳೆದದ್ದನ್ನು ಜಿಡಿಪಿಯಲ್ಲೂ ಕಳೆಯುವುದಿಲ್ಲ. ಅಲ್ಲಿ ನಿಮ್ಮ ಮಾತು ನೂರಕ್ಕೆ ನೂರು ನಿಜ.

ಮಲ್ಪೆ ಬೋಟ್

ಉಳ್ಳಾಲದವರೇ, ಬೂತಾಯಿ ರಾಶಿ ಬಂದ ದಿನ ದಕ್ಕೆಗೆ ಬನ್ನಿ. ಐಸ್ ಸಾಲುವುದಿಲ್ಲ, ಲಾರಿ ಸಿಗುವುದಿಲ್ಲ, ಸಂಜೆಯೊಳಗೆ ರೇಟ್ ಬಿದ್ದುಹೋಗುತ್ತದೆ. ಅಂದು ಫ್ಯಾಕ್ಟರಿ ತೆಗೆದುಕೊಳ್ಳದಿದ್ದರೆ ಮೀನು ಅಲ್ಲೇ ಕೊಳೆಯುತ್ತದೆ. ಮರಿ ಹಿಡಿಯುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಬಲೆಯ ಕಣ್ಣಿನ ಅಳತೆ ಬಿಗಿ ಮಾಡಲಿ. ಫ್ಯಾಕ್ಟರಿಯನ್ನೇ ಕಳ್ಳ ಅನ್ನಬೇಡಿ.

ಬಂಟ್ವಾಳ ಬೀಡಿ ಮನೆ

ನಮ್ಮ ಅಮ್ಮ ಬೀಡಿ ಕಟ್ಟಿಯೇ ನಮ್ಮನ್ನು ಓದಿಸಿದ್ದು. ನಮ್ಮ ಕಡೆ ಮನೆಮನೆಯಲ್ಲೂ ಇದೇ ಕಥೆ. ಹಾಗಾಗಿ ಈ ಲೆಕ್ಕ ನನಗೆ ಚೆನ್ನಾಗಿ ಗೊತ್ತು.

ಬೀಡಿ ಕಂಪನಿಯ ಬ್ರಾಂಚ್‌ನಲ್ಲಿ ಸಾವಿರಕ್ಕೆ ಇಷ್ಟು ಅಂತ ಕೂಲಿ. ಸಾವಿರಕ್ಕೆ ಇಷ್ಟು ಎಲೆ, ಇಷ್ಟು ಹೊಗೆಸೊಪ್ಪು ತೂಗಿ ಕೊಡುತ್ತಾರೆ. ಎಲೆ ಮಧ್ಯ ಭಾರತದ ಕಾಡಿನದ್ದು, ಹೊಗೆಸೊಪ್ಪು ಗುಜರಾತ್, ನಿಪ್ಪಾಣಿ ಕಡೆಯದ್ದು. ನಮ್ಮ ಊರಿನದ್ದು ಅಂತ ಇರುವುದು ಕೈ ಮಾತ್ರ.

ಮೊದಲ ದಿನ ರಾತ್ರಿ ಎಲೆ ನೆನೆಹಾಕಬೇಕು. ಬೆಳಿಗ್ಗೆ ನೀರು ಕೊಡವಿ ಬಟ್ಟೆಯಲ್ಲಿ ಸುತ್ತಿಡಬೇಕು, ಇಲ್ಲದಿದ್ದರೆ ಒಣಗಿ ಒಡೆಯುತ್ತದೆ. ಆಮೇಲೆ ಒಂದೊಂದೇ ಎಲೆಯ ಮೇಲೆ ತಗಡಿನ ಅಚ್ಚು ಇಟ್ಟು ಕತ್ತರಿಸುವುದು. ನಾರು ದಪ್ಪ ಇರುವ ಕಡೆ, ತೂತು ಇರುವ ಕಡೆ ಬಿಡಬೇಕು. ಎಲೆ ಕಟ್ಟು ಬಿಚ್ಚಿದ ಕೂಡಲೇ ಅಮ್ಮನಿಗೆ ಗೊತ್ತಾಗುತ್ತಿತ್ತು, ಇದರಲ್ಲಿ ಸಾವಿರ ಆಗುತ್ತದಾ ಇಲ್ಲವಾ ಅಂತ. ಆಗದಿದ್ದರೆ ಅಂಗಡಿಯಿಂದ ಸ್ವಂತ ದುಡ್ಡಿನ ಎಲೆ. ಮತ್ತೆ ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಹೊಗೆಸೊಪ್ಪು ಹಾಕಿ ಸುರುಳುವುದು, ನೂಲು ಸುತ್ತುವುದು, ತಲೆ ಮಡಚುವುದು. ಕೊನೆಗೆ 25ರ ಕಟ್ಟು.

ಲೆಕ್ಕ ಶುರುವಾಗುವುದು ಬ್ರಾಂಚ್‌ನ ಮೇಜಿನ ಮೇಲೆ. ಅಲ್ಲಿ ಒತ್ತಿ ನೋಡುತ್ತಾರೆ. ಸಡಿಲ, ಗಿಡ್ಡ, ಎಲೆ ಹರಿದದ್ದು ಅಂತ ತೆಗೆದು ಬದಿಗೆ ಹಾಕುತ್ತಾರೆ. ಬದಿಗೆ ಹಾಕಿದ್ದಕ್ಕೆ ಕೂಲಿ ಇಲ್ಲ. ಅಂದರೆ ಕಟ್ಟಿದ್ದು ಒಂದು ಅಂಕಿ, ಪ್ರೊಡಕ್ಷನ್ ಇನ್ನೊಂದು ಅಂಕಿ. ನಡುವಿನ ವ್ಯತ್ಯಾಸ ಅಮ್ಮನ ತಲೆಗೆ. ಅಮ್ಮ ಹೋಗುತ್ತಿದ್ದ ಬ್ರಾಂಚ್‌ನಲ್ಲಿ ಹಾಗೆ ತೆಗೆದಿಟ್ಟ ಬೀಡಿಯನ್ನು ವಾಪಸ್ ಕೊಡುತ್ತಲೂ ಇರಲಿಲ್ಲ. ಅದರ ಹೆಸರು ಇಲ್ಲಿ ಬೇಡ.

ಎಲೆ ಸಂಜೆ ನಾವು ಮಕ್ಕಳು ಕತ್ತರಿಸಿ ಕೊಟ್ಟದ್ದು, ಅಜ್ಜಿ ನೂಲು ಸುತ್ತಿದ್ದು ಯಾವ ಪುಸ್ತಕದಲ್ಲೂ ಇಲ್ಲ. ಪುಸ್ತಕದಲ್ಲಿ ಇರುವುದು ಅಮ್ಮನ ಒಂದೇ ಹೆಸರು.

ವಕೀಲರು, ಮಂಗಳೂರು

ಬೀಡಿ ಮನೆಯವರ ಗಮನಕ್ಕೆ. ಬೀಡಿ ಕೆಲಸಗಾರರಿಗೆ 1966ರಲ್ಲಿ ಕೇಂದ್ರದ ಪ್ರತ್ಯೇಕ ಕಾಯ್ದೆ ಬಂತು. ಮನೆಯಲ್ಲಿ ಕೂತು ಕಟ್ಟುವವರನ್ನೂ ಅದು ಕೆಲಸಗಾರರು ಅಂತಲೇ ಪರಿಗಣಿಸಿತು. ಎಲೆ ಕೊಡುವ ವಿಷಯ, ಬೀಡಿ ತಿರಸ್ಕರಿಸುವ ವಿಷಯ, ತಿರಸ್ಕರಿಸಿದ್ದಕ್ಕೆ ಕೂಲಿ, ಈ ಮೂರರ ಜಗಳವನ್ನೂ ಹೆಸರು ಹೇಳಿಯೇ ಅದರಲ್ಲಿ ಸೇರಿಸಿದ್ದರು. ಅಂದರೆ ಮೇಜಿನ ಮೇಲೆ ಏನಾಗುತ್ತದೆ ಅನ್ನುವುದು ಕಾಯ್ದೆ ಬರೆದವರಿಗೆ ಆಗಲೇ ಗೊತ್ತಿತ್ತು.

ನಮ್ಮಲ್ಲೂ ಪ್ರೊಡಕ್ಷನ್ ಇದೆ. ಆರೋಪಿಯನ್ನು ಕೋರ್ಟಿಗೆ ಹಾಜರುಪಡಿಸುವುದು. ಸಂವಿಧಾನದ 22ನೇ ವಿಧಿ 24 ಗಂಟೆ ಅನ್ನುತ್ತದೆ. ಆದರೆ ಬಂಧಿಸಿದ ಜಾಗದಿಂದ ಕೋರ್ಟಿನ ತನಕದ ಪ್ರಯಾಣದ ಸಮಯ ಆ 24ರಲ್ಲಿ ಸೇರುವುದಿಲ್ಲ. ಎಲ್ಲಿಂದ ಎಣಿಸಬೇಕು ಅನ್ನುವ ಮೇಷ್ಟ್ರ ಪ್ರಶ್ನೆ ಇಲ್ಲೂ ಇದೆ. ಇಲ್ಲಿ ಅದು ಒಬ್ಬ ಮನುಷ್ಯನ ಸ್ವಾತಂತ್ರ್ಯದ ಪ್ರಶ್ನೆ.

ಕೊಟ್ಟಾರ ಕೋಡ್

ಸಾಫ್ಟ್‌ವೇರ್‌ನಲ್ಲಿ ಪ್ರೊಡಕ್ಷನ್ ಒಂದು ಜಾಗ. ಕೋಡ್ ಬರೆಯುವುದು ಒಂದು ಕಡೆ, ಟೆಸ್ಟ್ ಮಾಡುವುದು ಇನ್ನೊಂದು ಕಡೆ, ಜನ ನಿಜವಾಗಿ ಬಳಸುವುದು ಪ್ರೊಡಕ್ಷನ್‌ನಲ್ಲಿ. 'ಪ್ರೊಡಕ್ಷನ್‌ಗೆ ಹೋಯ್ತಾ' ಅಂತ ಕೇಳುತ್ತಾರೆ. 'ಎಷ್ಟು ಪ್ರೊಡಕ್ಷನ್' ಅಂತ ಯಾರೂ ಕೇಳುವುದಿಲ್ಲ.

ನಮ್ಮಲ್ಲಿ ಎಣಿಸುವುದು ಸರ್ವರ್ ನಿಲ್ಲದೆ ಓಡುವ ಸಮಯವನ್ನು. 99.9 ಶೇಕಡಾ ಅಂತ ಒಪ್ಪಂದ ಇದ್ದರೆ ವರ್ಷಕ್ಕೆ ಹೆಚ್ಚೆಂದರೆ ಎಂಟೂಮುಕ್ಕಾಲು ಗಂಟೆ ನಿಲ್ಲಬಹುದು. ಮೊದಲೇ ಹೇಳಿ ನಿಲ್ಲಿಸಿದ ಸಮಯ ಸಾಮಾನ್ಯವಾಗಿ ಇದರಲ್ಲಿ ಸೇರುವುದಿಲ್ಲ. ಆ ಹೊತ್ತು ಯಾವಾಗ? ಭಾನುವಾರ ಬೆಳಗಿನ ಜಾವ. ಆಗ ಎದ್ದು ಕೂತ ಹುಡುಗಿಯರು, ಹುಡುಗರು ಎಲ್ಲ ಸರಿಯಾಗಿ ಮಾಡಿದರೆ ಬೆಳಿಗ್ಗೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಏನೂ ಆಗಲಿಲ್ಲ ಅನ್ನುವುದೇ ಅವರ ಕೆಲಸದ ಫಲ. ಅದನ್ನು ರಿವ್ಯೂನಲ್ಲಿ ಬರೆಯುವುದು ತುಂಬಾ ಕಷ್ಟ. ಹೊಸ ಫೀಚರ್ ಮಾಡಿದವರಿಗೆ ಪ್ರಮೋಷನ್ ಬೇಗ ಸಿಗುತ್ತದೆ. ಇದು ಬದಲಾಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸೆಟ್ ಲೈಟ್

ಸಿನಿಮಾದಲ್ಲಿ ಪ್ರೊಡಕ್ಷನ್ ಅಂದರೆ ದುಡ್ಡು ಹಾಕುವ ಕಂಪನಿ ಅಂತ ಪೋಸ್ಟರ್ ನೋಡಿದವರು ತಿಳಿದುಕೊಳ್ಳುತ್ತಾರೆ. ಸೆಟ್‌ನಲ್ಲಿ 'ಪ್ರೊಡಕ್ಷನ್' ಅಂತ ಕೂಗಿದರೆ ಬರುವುದು ಚಹಾ, ನೀರು, ಊಟ ನೋಡಿಕೊಳ್ಳುವ ಹುಡುಗರು. ಎಲ್ಲರಿಗಿಂತ ಮೊದಲು ಬಂದು, ಪಾತ್ರೆ ತೊಳೆದು ಕೊನೆಗೆ ಹೋಗುವವರು ಅವರೇ. ತುಳು ಸಿನಿಮಾ ಇರಲಿ, ಕನ್ನಡ ಇರಲಿ, ಊಟ ತಡವಾದರೆ ಶೂಟಿಂಗ್ ನಿಲ್ಲುತ್ತದೆ. ಆ ಹೆಸರು ಅವರಿಗೇ ಸರಿಯಾಗಿ ಒಪ್ಪುತ್ತದೆ.

ಪಣಂಬೂರು ಶಿಫ್ಟ್

ತೈಲದಲ್ಲಿ ಪ್ರೊಡಕ್ಷನ್ ಅಂದರೆ ಬಾವಿಯಿಂದ ಕಚ್ಚಾ ತೈಲ ತೆಗೆಯುವುದು. ಎಂಆರ್‌ಪಿಎಲ್‌ನಂಥ ರಿಫೈನರಿಯಲ್ಲಿ ಥ್ರೂಪುಟ್ ಅನ್ನುತ್ತಾರೆ, ಅಂದರೆ ಎಷ್ಟು ಕಚ್ಚಾ ತೈಲ ಒಳಗೆ ಹಾಯಿಸಿದೆವು ಅಂತ. ವರ್ಷಕ್ಕೆ 15 ಮಿಲಿಯನ್ ಟನ್ ಸಾಮರ್ಥ್ಯ ಅನ್ನುವುದು ಒಳಗೆ ಹೋಗುವ ಲೆಕ್ಕ. ಹೊರಗೆ ಬರುವ ಡೀಸೆಲ್, ಪೆಟ್ರೋಲ್, ಎಲ್‌ಪಿಜಿ ಎಲ್ಲ ಕೂಡಿಸಿದರೂ ಅಷ್ಟಾಗುವುದಿಲ್ಲ. ರಿಫೈನರಿ ನಡೆಸಲು ಸ್ವಲ್ಪ ಅಲ್ಲೇ ಉರಿಸಬೇಕಲ್ವಾ.

ಕಾರ್ಕಳ ಗೇರು

ಗೇರುಬೀಜದಲ್ಲಿ ಇನ್ನೊಂದು ಥರ. ಬೀಜ ಬಹಳಷ್ಟು ಆಫ್ರಿಕಾದಿಂದ ಹಡಗಿನಲ್ಲಿ ಬರುತ್ತದೆ. 80 ಕೆಜಿ ಚೀಲಕ್ಕೆ ಎಷ್ಟು ಪೌಂಡ್ ತಿರುಳು ಅನ್ನುವುದು ಔಟ್‌ಟರ್ನ್. ಬೇಯಿಸಿ, ಒಡೆದು, ಬೋರ್ಮಾದಲ್ಲಿ (ಬಿಸಿ ಗಾಳಿಯ ಕೋಣೆ) ಒಣಗಿಸಿ, ಒಳಸಿಪ್ಪೆ ತೆಗೆದು, ಗ್ರೇಡ್ ಮಾಡುತ್ತಾರೆ. ಡಬ್ಲ್ಯೂ 320 ಅಂದರೆ ಒಂದು ಪೌಂಡಿಗೆ ಸುಮಾರು 320 ಇಡೀ ತಿರುಳು. ಡಬ್ಲ್ಯೂ 180 ಅದಕ್ಕಿಂತ ದಪ್ಪ, ರೇಟ್ ಜಾಸ್ತಿ. ತುಂಡಾದರೆ ಬೆಲೆ ಇಳಿಯುತ್ತದೆ. ಇಡೀ ತಿರುಳು ಇಡಿಯಾಗಿ ಉಳಿಯುವುದು ಹೆಂಗಸರ ಬೆರಳ ತುದಿಯಲ್ಲಿ. ಚಿಪ್ಪಿನ ಎಣ್ಣೆ ಚರ್ಮ ಸುಡುತ್ತದೆ, ಅದಕ್ಕೆ ಒಡೆಯುವವರು ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಡಬ್ಬದ ಮೇಲೆ ಗ್ರೇಡ್ ಇರುತ್ತದೆ, ಊರಿನ ಹೆಸರೂ ಇರುತ್ತದೆ.

ಜೆಪ್ಪು ಹಂಚು

1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಹಂಚಿನಲ್ಲಿ ಅಚ್ಚಿನಿಂದ ತೆಗೆದದ್ದು ಲೆಕ್ಕ ಅಲ್ಲ. ಒಣಗುವಾಗ ಸೊಟ್ಟ ಆಗುತ್ತದೆ, ಭಟ್ಟಿಯಲ್ಲಿ ಬಿರಿಯುತ್ತದೆ. ಭಟ್ಟಿಯಿಂದ ಹೊರಗೆ ಬಂದು, ತಟ್ಟಿದಾಗ ಗಟ್ಟಿ ಶಬ್ದ ಬಂದದ್ದು ಮಾತ್ರ ಹಂಚು. ಮಣ್ಣು ನೇತ್ರಾವತಿ, ಗುರುಪುರ ನದಿಗಳ ದಡದ್ದು. ಇಷ್ಟೇ ನನಗೆ ಹೇಳಲಿಕ್ಕೆ ಇರುವುದು.

ಶಂಕರಪುರ ಮಲ್ಲಿಗೆ

ಇಲ್ಲಿ ಎಲ್ಲರೂ ಹೆಂಗಸರ ಕೆಲಸ ಲೆಕ್ಕದ ಹೊರಗೆ ಅಂತ ಬರೆದಿದ್ದೀರಿ. ನಮ್ಮ ಮಲ್ಲಿಗೆಯ ಅಳತೆ ಒಮ್ಮೆ ನೋಡಿ. ಉಡುಪಿ ಮಲ್ಲಿಗೆಯನ್ನು ಇಲ್ಲಿ ಕೆಜಿಯಲ್ಲಿ ಮಾರುವುದಿಲ್ಲ. ಚೆಂಡು, ಅಟ್ಟೆ. 800 ಹೂವು ಕಟ್ಟಿದರೆ ಒಂದು ಚೆಂಡು. ನಾಲ್ಕು ಚೆಂಡು ಒಂದು ಅಟ್ಟೆ, ಅಂದರೆ 3,200 ಹೂವು. ರೇಟ್ ದಿನಾ ಅಟ್ಟೆಗೆ ಇಷ್ಟು ಅಂತ ನಿಗದಿಯಾಗುತ್ತದೆ.

ಬೆಳಿಗ್ಗೆ ಬೇಗ ಎದ್ದು ಮೊಗ್ಗು ಕೀಳಬೇಕು. ಅರಳಿದರೆ ಹೋಯಿತು. ಬಾಳೆನಾರನ್ನು ಮೊದಲೇ ಸೀಳಿ ಒದ್ದೆ ಮಾಡಿಟ್ಟುಕೊಳ್ಳುತ್ತೇವೆ. ಎರಡೆರಡು ಮೊಗ್ಗು ಎದುರುಬದುರು ಇಟ್ಟು ನಾರು ಸುತ್ತಿ ಗಂಟು. ಬಿಗಿ ಜಾಸ್ತಿ ಆದರೆ ತೊಟ್ಟು ಕತ್ತರಿಸುತ್ತದೆ, ಸಡಿಲ ಆದರೆ ಬಸ್ಸಿನಲ್ಲಿ ಮುಂಬೈ ಮುಟ್ಟುವಾಗ ಹೂವು ಉದುರಿರುತ್ತದೆ. ಕೈ ತಾನಾಗಿಯೇ ಎಣಿಸುತ್ತದೆ. ಮಾತಾಡುತ್ತಾ ಕಟ್ಟಿದರೂ ಎಣಿಕೆ ತಪ್ಪುವುದಿಲ್ಲ. ಹೊತ್ತಿಗೆ ಸರಿಯಾಗಿ ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು.

ಕಟ್ಟದ ಹೂವಿಗೆ ಇಲ್ಲಿ ಅಳತೆಯೇ ಇಲ್ಲ. ಕಟ್ಟಿದ ಮೇಲೆಯೇ ಅದು ಚೆಂಡು. ಅಂದರೆ ನಮ್ಮ ಕೈ ಅಳತೆಯ ಒಳಗೇ ಇದೆ. ಆದರೆ ಬೇಸರ ಎಲ್ಲಿ ಗೊತ್ತಾ? ಪಾಸ್‌ಬುಕ್ ತೋಟ ಯಾರ ಹೆಸರಿನಲ್ಲಿ ಇದೆಯೋ ಅವರದ್ದು. ಬೆಳೆಗಾರರ ಸಭೆಗೆ ಕರೆಯುವುದು ಅವರನ್ನೇ. ನಾರು ಸೀಳಿದವರನ್ನು ಬೆಳೆಗಾರರು ಅನ್ನುವುದಿಲ್ಲ.

ನಿವೃತ್ತ ಬ್ಯಾಂಕ್

ಎಲ್ಲರ ಮಾತೂ ಓದಿದೆ. ಒಂದು ತಕರಾರು ಇದೆ. ಹೀಗೆ ಎಳೆದುಕೊಂಡು ಹೋದರೆ ನಾಳೆ ಅಡುಗೆಯೂ ಉತ್ಪಾದನೆ, ಮಗು ಎತ್ತಿಕೊಂಡದ್ದೂ ಉತ್ಪಾದನೆ. ಮನೆಯಲ್ಲಿ ಪ್ರೀತಿಯಿಂದ ಮಾಡುವುದಕ್ಕೆಲ್ಲ ಬಿಲ್ ಹಾಕಬೇಕಾ? ಸಾಲ ಕೊಡುವಾಗ ನಾವು ನೋಡುತ್ತಿದ್ದದ್ದು ಮಾರಾಟವಾಗುವ ವಸ್ತು. ಎಲ್ಲಾದರೂ ಒಂದು ಗೆರೆ ಎಳೆಯಲೇಬೇಕು.

ಉಡುಪಿ ಮೇಷ್ಟ್ರು

ಗೆರೆ ಬೇಕು ಸರ್. ಗೆರೆ ಇದೆ ಕೂಡಾ. ರಾಷ್ಟ್ರೀಯ ಲೆಕ್ಕಕ್ಕೆ ವಿಶ್ವಸಂಸ್ಥೆಯ ನಿಯಮವೊಂದು ಇದೆ, ಬೇರೆ ಬೇರೆ ದೇಶಗಳು ಅದನ್ನು ಅನುಸರಿಸುತ್ತವೆ. ಮನೆ ಬಳಕೆಗೆ ಬೆಳೆದ ಭತ್ತ, ತರಕಾರಿ ಒಳಗೆ. ಸಂಬಳ ಕೊಟ್ಟು ಇಟ್ಟ ಅಡುಗೆಯವರ ಕೆಲಸ ಒಳಗೆ. ಮನೆಯವರೇ ಮಾಡುವ ಅಡುಗೆ, ಗುಡಿಸುವುದು, ಮಕ್ಕಳ ಆರೈಕೆ ಹೊರಗೆ. ಒಂದೇ ಸಾರು, ಯಾರು ಮಾಡಿದರು ಅನ್ನುವುದರ ಮೇಲೆ ಗೆರೆಯ ಆಚೆ ಈಚೆ.

ಕೇಂದ್ರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಈ ಹೊರಗಿನ ಕೆಲಸದ ಅಂಕಿ ಇದೆ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮಾಡುವ ಗಂಡಸರು 88 ನಿಮಿಷ. ಮಾಡದೇ ಇರುವವರು ಈ ಸರಾಸರಿಯಲ್ಲಿ ಇಲ್ಲವೇ ಇಲ್ಲ. ಬಿಲ್ ಹಾಕಿ ಅಂತ ನಾನು ಹೇಳುತ್ತಿಲ್ಲ. ಅಂಕಿಯನ್ನು ಜಿಡಿಪಿಯ ಪಕ್ಕದಲ್ಲಿ ಇಡಿ ಅನ್ನುತ್ತೇನೆ.

ಬಂಟ್ವಾಳ ಬೀಡಿ ಮನೆ

ಬ್ಯಾಂಕಿನವರಿಗೆ ಗೌರವದಿಂದಲೇ ಹೇಳುತ್ತೇನೆ. ಅಮ್ಮ ಬೀಡಿ ಕಟ್ಟುತ್ತಾ ಒಲೆಯ ಮೇಲೆ ಅನ್ನ ಇಡುತ್ತಿದ್ದರು. ಎದ್ದು ಹೋಗಿ ಅನ್ನ ಬಸಿದು ಬಂದು ಮತ್ತೆ ತಡ್ಪೆ ಹಿಡಿಯುತ್ತಿದ್ದರು. ಅದರಲ್ಲಿ ಯಾವ ನಿಮಿಷ ಪ್ರೀತಿ, ಯಾವ ನಿಮಿಷ ಉತ್ಪಾದನೆ ಅಂತ ನನಗೆ ಬಿಡಿಸಲು ಆಗುವುದಿಲ್ಲ. ಪ್ರೀತಿ ಎರಡರಲ್ಲೂ ಇತ್ತು.

ನಿವೃತ್ತ ಬ್ಯಾಂಕ್

ನಿಮ್ಮ ಮಾತು ಅರ್ಥವಾಗುತ್ತದೆ. ಸಾಲದ ಲೆಕ್ಕಕ್ಕೆ ನನ್ನ ಗೆರೆಯೇ ಬೇಕು, ಅದನ್ನು ಬಿಡುವುದಿಲ್ಲ. ಇಂಥ ಕೆಲಸ ಮಾಡುವವರ ಪಿಂಚಣಿ, ವಿಮೆಯ ವಿಷಯಕ್ಕೆ ಆ ಗೆರೆ ಸಾಲದು, ಅದನ್ನು ಒಪ್ಪುತ್ತೇನೆ.

ಕಲ್ಯಾಣಪುರ ಮನೆ

ಮೇಷ್ಟ್ರೇ, ಒಂದು ಸಂಶಯ. ನಾನು ಬೇಸಿಗೆಯಲ್ಲಿ ಹಲಸಿನ ಹಪ್ಪಳ ಮಾಡುತ್ತೇನೆ. ಸ್ವಲ್ಪ ಅಂಗಡಿಗೆ ಕೊಡುತ್ತೇನೆ, ಜಾಸ್ತಿ ಮನೆಗೇ. ಹಲಸು ನಮ್ಮ ಹಿತ್ತಲಿನದ್ದು. ನಾನು ಗೆರೆಯ ಒಳಗಾ ಹೊರಗಾ?

ಉಡುಪಿ ಮೇಷ್ಟ್ರು

ಅಂಗಡಿಗೆ ಕೊಟ್ಟದ್ದು ಒಳಗೆ, ಅದರಲ್ಲಿ ಸಂಶಯ ಇಲ್ಲ. ಮನೆಗೆ ಮಾಡಿದ್ದರಲ್ಲಿ ಸ್ವಲ್ಪ ಸಿಕ್ಕು ಇದೆ. ವಿಶ್ವಸಂಸ್ಥೆಯ ನಿಯಮದಲ್ಲಿ ಹಣ್ಣು, ಬೆಳೆ ಒಣಗಿಸಿ ಕಾಪಿಡುವುದು ಮನೆ ಬಳಕೆಗೆ ಆದರೂ ಒಳಗೆ. ಅದೇ ಹಪ್ಪಳ ಕರಿದು ಬಡಿಸಿದರೆ ಅದು ಅಡುಗೆ, ಹೊರಗೆ. ನಮ್ಮ ದೇಶದ ಉದ್ಯೋಗ ಸಮೀಕ್ಷೆಯಲ್ಲಿ ಇನ್ನೂ ಬಿಗಿ. ಮನೆ ಬಳಕೆಗೆ ಬೆಳೆದದ್ದು ಆರ್ಥಿಕ ಚಟುವಟಿಕೆ, ಬೆಳೆದದ್ದನ್ನು ಮನೆ ಬಳಕೆಗೆ ಸಂಸ್ಕರಿಸಿದ್ದು ಅಲ್ಲ. ಮನೆಗೆಲಸ ಮಾತ್ರ ಮಾಡುವವರಿಗೆ ಅಲ್ಲಿ 92 ಅಂತ ಕೋಡ್. ಮನೆಗೆಲಸದ ಜೊತೆ ಸೌದೆ, ಸೊಪ್ಪು ತರುವುದು, ಮನೆಯವರಿಗೆ ಬಟ್ಟೆ ಹೊಲಿಯುವುದು ಇದ್ದರೆ 93. ಎರಡೂ ಕೋಡ್‌ನವರನ್ನು ದುಡಿಯುವವರ ಪಟ್ಟಿಗೆ ಸೇರಿಸುವುದಿಲ್ಲ.

ಕಲ್ಯಾಣಪುರ ಮನೆ

ಸೌದೆ ಹೊತ್ತರೂ ಸೇರಿಸುವುದಿಲ್ಲವಾ? ಸರಿ. ಈ ಸಲ ಒಂದು ಪುಸ್ತಕ ಇಡುತ್ತೇನೆ. ಸೊಳೆ ಬಿಡಿಸಿದ್ದು, ಬೇಯಿಸಿ ಅರೆದದ್ದು, ಒತ್ತಿದ್ದು, ಒಣಗಿಸಿದ್ದು, ಮಳೆಗಾಲದ ಆಟಿ ತಿಂಗಳಲ್ಲಿ ಕರಿದದ್ದು, ಎಲ್ಲದಕ್ಕೂ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದು ಇಲ್ಲೇ ಹಾಕುತ್ತೇನೆ. ಶಂಕರಪುರದವರೂ ನಾರು ಸೀಳಿದ ಸಮಯ ಬರೆದಿಡಿ.

ಶಂಕರಪುರ ಮಲ್ಲಿಗೆ

ಆಗಲಿ. ಮಳೆಗಾಲದಲ್ಲಿ ಹೂವು ಕಡಿಮೆ, ಸೀಸನ್ ಶುರುವಾದ ಮೇಲೆ ಬರೆಯುತ್ತೇನೆ. ಕಟ್ಟುವವರು ಯಾರು, ಅಟ್ಟೆಗೆ ಎಷ್ಟು ಹೊತ್ತು ಅಂತ ಹೆಸರು ಹಿಡಿದೇ ಪುಸ್ತಕದಲ್ಲಿ ಬರೆಯುತ್ತೇನೆ. ಬೆಳೆಗಾರರ ಸಭೆಗೂ ಅದನ್ನು ಹಿಡಿದುಕೊಂಡು ಹೋಗುತ್ತೇನೆ.